ಎಣ್ಣೆ ವರ್ತಕನ ಕಾರಿನ ಗಾಜು

"ಗುರುಗಳೇ, ಒಬ್ಬನನ್ನು ಅವನಿಗೆ ತಿಳಿಯದಂತೆ ಪರೀಕ್ಷಿಸಿ ನೋಡಿದರೆ ತಪ್ಪೇನು? ಅವನು ಪ್ರಾಮಾಣಿಕನಾಗಿದ್ದರೆ ಅವನಿಗೇನೂ ನಷ್ಟವಿಲ್ಲವಲ್ಲ?" ಎಂದು ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಶಿಷ್ಯ ಕೇಳಿದ.

ಯಾರನ್ನು ಪರೀಕ್ಷಿಸಬೇಕೆಂದಿದ್ದೀಯೆ ಎಂದು ಗುರುಗಳು ಕೇಳಲಿಲ್ಲ. ಕೂತುಕೋ ಎಂದು ಕೈಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವರ್ತಕನಿದ್ದ. ಅವನಲ್ಲಿ ಎರಡೇ ಬಾಗಿಲಿನ ಒಂದು ಹಳೆಯ ಕಾರಿತ್ತು. ತಂದೆಯ ಕಾಲದ್ದು. ಅಂಥ ಕಾರನ್ನು ಮಾಡುವುದು ನಿಂತು ಬಹಳ ವರ್ಷಗಳಾಗಿದ್ದವು. ವರ್ತಕ ಅದನ್ನು ಒರೆಸಿ, ಮುಚ್ಚಿ, ಜೋಪಾನವಾಗಿ ಇಟ್ಟುಕೊಂಡಿದ್ದ. ಓಡುವುದರಲ್ಲಿ ಯಾವ ದೋಷವೂ ಇರಲಿಲ್ಲ. ಎಡಗಡೆಯ ಬಾಗಿಲಿನ ಕಿಟಕಿ ಮಾತ್ರ ಬಿಗಿದುಕೊಂಡಿತ್ತು. ಹ್ಯಾಂಡಲನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿದರೆ ಗಾಜು ಬೆರಳಷ್ಟು ಇಳಿದು ಅಲ್ಲೇ ನಿಲ್ಲುತ್ತಿತ್ತು.

ಆ ಕಿಟಕಿಯ ಪಕ್ಕ ಕೂರುತ್ತಿದ್ದವಳು ವರ್ತಕನ ತಾಯಿ. ಆಕೆಗೆ ಉಬ್ಬಸವಿತ್ತು. ಗಾಳಿಯಾಡದ ಕಡೆ ಕೂತರೆ ಎದೆ ಕಟ್ಟುತ್ತಿತ್ತು. ಆಕೆಯ ತಂಗಿ ದೂರದ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. "ಬಸ್ಸಿನಲ್ಲಿ ಹೋಗುವುದು ನನ್ನ ಕೈಲಾಗದಪ್ಪ. ಆ ಕಿಟಕಿಯೊಂದನ್ನು ಸರಿಮಾಡಿಸು, ಅವಳನ್ನು ನೋಡಿ ಎರಡು ಮಾತಾಡಿ ಬರುತ್ತೇನೆ" ಎಂದು ಆಕೆ ಮಗನಿಗೆ ಹೇಳುತ್ತಲೇ ಇದ್ದಳು.

ವರ್ತಕ ಮೊದಲು ತಾನೇ ಕೈ ಹಾಕಿದ. ಅಂಗಡಿಯಿಂದ ಕುಸುಬೆ ಎಣ್ಣೆ ತಂದು ಕಿಟಕಿಯ ಸಂದಿಗೆ ಸುರಿದ. ಕೆಲವು ದಿನ ಗಾಜು ಜಾರಿತು. ಆಮೇಲೆ ಎಣ್ಣೆ ಒಣಗಿ, ಧೂಳು ಕೂತು, ಅಂಟಾಯಿತು. ಕಿಟಕಿ ಮೊದಲಿಗಿಂತ ಬಿಗಿಯಾಯಿತು. ಎಣ್ಣೆಯಲ್ಲೇ ಹುಟ್ಟಿ ಬೆಳೆದವನಿಗೆ ಇದು ನಾಚಿಕೆಯ ಸಂಗತಿ. ಅವನು ಯಾರಿಗೂ ಹೇಳಲಿಲ್ಲ.

ಪಕ್ಕದ ಪಟ್ಟಣದಲ್ಲಿ ಹಳೆಯ ಕಾರುಗಳನ್ನು ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದ. ಅವನಲ್ಲಿಗೆ ಹೊರಟ ವರ್ತಕನನ್ನು ಗೆಳೆಯನೊಬ್ಬ ಎಚ್ಚರಿಸಿದ. "ಹುಷಾರು. ನಿನ್ನ ಕಾರಿನ ಗಾಜು ಈಗ ಎಲ್ಲಿ ಹುಡುಕಿದರೂ ಸಿಗದು. ಅವನು ಅದನ್ನು ಇಟ್ಟುಕೊಂಡು ಬೇರೆ ಗಾಜು ಕೂರಿಸಿದರೆ ನಿನಗೆ ಹೇಗೆ ತಿಳಿಯಬೇಕು?"

ಮಾತು ವರ್ತಕನ ಮನಸ್ಸಿನಲ್ಲಿ ನಾಟಿತು. ಅವನು ಕಿಟಕಿಯನ್ನು ಕಷ್ಟಪಟ್ಟು ಬೆರಳಷ್ಟು ಇಳಿಸಿ, ತನ್ನ ವಜ್ರದ ಉಂಗುರದಿಂದ ಗಾಜಿನ ಮೇಲಂಚಿನ ಮೂಲೆಯಲ್ಲಿ ಒಂದು ಸಣ್ಣ ಗೀರು ಎಳೆದ. ಇನ್ನು ಗಾಜು ಬದಲಾದರೆ ತಿಳಿಯುತ್ತದೆ ಎಂದು ನೆಮ್ಮದಿಪಟ್ಟುಕೊಂಡ. ಆ ನೆಮ್ಮದಿ ಗ್ಯಾರೇಜು ಸೇರುವವರೆಗೆ ಇತ್ತು.

ಅಲ್ಲಿ ಅವನು ಒಂದು ಸ್ಟೂಲು ಎಳೆದುಕೊಂಡು ಬಾಗಿಲಿಗೆ ಅಂಟಿಕೊಂಡೇ ಕೂತ. ಮೆಕ್ಯಾನಿಕ್ ಹ್ಯಾಂಡಲ್ ಕಳಚಿದ, ಬಾಗಿಲ ಒಳಗಿನ ಹಲಗೆ ಬಿಚ್ಚಿದ. ವರ್ತಕ ಪ್ರತಿಯೊಂದು ಸ್ಕ್ರೂವಿನ ಮೇಲೂ ಕಣ್ಣಿಟ್ಟ. ಮೆಕ್ಯಾನಿಕ್ ಬೆವರು ಒರೆಸಲು ಜೇಬಿನಿಂದ ಕರವಸ್ತ್ರ ತೆಗೆದರೂ ಇವನ ಕುತ್ತಿಗೆ ಉದ್ದವಾಗುತ್ತಿತ್ತು.

ಒಳಗೆ, ಗಾಜನ್ನು ಏರಿಸಿ ಇಳಿಸುವ ಹಲ್ಲಿನ ಚಕ್ರಕ್ಕೆ ಹಳದಿ ಮೇಣದಂಥ ಅಂಟು ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಉಗುರಿನಿಂದ ಕೆರೆದು ಮೂಸಿದ.

"ಯಜಮಾನರೇ, ಇದಕ್ಕೆ ಯಾರಾದರೂ ಅಡುಗೆ ಎಣ್ಣೆ ಹಾಕಿದ್ದರೇ?"

"ಛೇ, ಇಲ್ಲಪ್ಪ. ಮನೆಯಲ್ಲಿ ಯಾರೂ ಮುಟ್ಟಿಲ್ಲ. ಹಿಂದೆ ಯಾವನೋ ರಿಪೇರಿ ಮಾಡಿದವನು ಸುರಿದಿರಬೇಕು."

ಕುಸುಬೆ ಎಣ್ಣೆಯ ವಾಸನೆ ವರ್ತಕನ ಅಂಗಿಯಿಂದಲೂ ಬರುತ್ತಿತ್ತು. ಮೆಕ್ಯಾನಿಕ್ ಉಗುರಿನ ಅಂಟನ್ನು ಬಟ್ಟೆಗೆ ಒರೆಸಿದ. ಅವನ ಮನಸ್ಸು ಕೆಟ್ಟಿತು. ಬಂದಾಗಿನಿಂದ ಇವನು ನನ್ನನ್ನು ಕಳ್ಳನ ಹಾಗೆ ಕಾಯುತ್ತಿದ್ದಾನೆ, ಇಷ್ಟು ಸಣ್ಣದಕ್ಕೆ ಸುಳ್ಳು ಹೇಳುವವನು ನಾಳೆ ಬಂದು ಇದು ನನ್ನ ಗಾಜೇ ಅಲ್ಲ ಎಂದರೆ ನನ್ನ ಗತಿಯೇನು ಎಂದು ಯೋಚಿಸಿದ. ಹಿಂದೊಮ್ಮೆ ಒಬ್ಬ ಗಿರಾಕಿ ಅವನ ಮೇಲೆ ಅಂಥ ಅಪವಾದ ಹೊರಿಸಿ ಪಟ್ಟಣವೆಲ್ಲ ಸಾರಿದ್ದ. ಆಗ ಗ್ಯಾರೇಜು ತಿಂಗಳುಗಟ್ಟಲೆ ಬಿಕೋ ಎಂದಿತ್ತು.

ಮಧ್ಯಾಹ್ನ ವರ್ತಕ ಊಟಕ್ಕೆ ಎದ್ದುಹೋದ. ಮೆಕ್ಯಾನಿಕ್ ಅದುವರೆಗೆ ಯಾರ ವಸ್ತುವಿಗೂ ಅವರಿಗೆ ತಿಳಿಯದೆ ಏನೂ ಮಾಡಿದವನಲ್ಲ. ಅಂದು ಮಾಡಿದ. ಗಾಜು ಕೊಯ್ಯುವ ಕಡ್ಡಿ ತೆಗೆದುಕೊಂಡು, ಗಾಜಿನ ಕೆಳಗಿನ ಅಂಚಿನಲ್ಲಿ, ಬಾಗಿಲೊಳಗೆ ಮರೆಯಾಗುವ ಕಡೆ, ಒಂದು ಗೀರು ಹಾಕಿದ.

ಆಮೇಲೆ ಕೆಲಸವನ್ನು ಮನಸ್ಸಿಟ್ಟೇ ಮಾಡಿದ. ಅಂಟನ್ನು ಸೀಮೆಎಣ್ಣೆಯಲ್ಲಿ ತೊಳೆದ. ಸಂದಿನ ತುಕ್ಕು ಕೆರೆದ. ಗಾಜು ಜಾರುವ ಕಡೆ ಗಟ್ಟಿಯಾಗಿದ್ದ ಉಣ್ಣೆಯ ಪಟ್ಟಿ ಕಿತ್ತು ಹೊಸದು ಅಂಟಿಸಿದ. ಚಕ್ರಕ್ಕೆ ಗ್ರೀಸು ಹಚ್ಚಿದ. ಸಂಜೆಗೆ ಹ್ಯಾಂಡಲ್ ಒಂದೇ ಕೈಗೆ ಹಗುರವಾಗಿ ತಿರುಗಿತು. ವರ್ತಕ ಗಾಜನ್ನು ಸ್ವಲ್ಪ ಇಳಿಸಿ ಮೇಲಿನ ಮೂಲೆಯನ್ನು ನೋಡಿದ. ಗೀರು ಇತ್ತು. ಅಂದು ಮೊದಲ ಸಲ ನಕ್ಕ. ಇವನು ಮೂಲೆಯಲ್ಲಿ ಏನು ನೋಡಿದ ಎಂದು ಮೆಕ್ಯಾನಿಕ್‌ಗೆ ಅನುಮಾನ ಬಂತು. ಕೆಳಗೆ ಗುರುತು ಹಾಕಿದ್ದು ಒಳ್ಳೆಯದೇ ಆಯಿತು ಎಂದುಕೊಂಡ.

ಮಾರನೆಯ ಬೆಳಿಗ್ಗೆ ತಾಯಿ ಮಗ ಹೊರಟರು. ತಾಯಿ ತಾನೇ ಕಿಟಕಿ ಇಳಿಸಿಕೊಂಡು ಗಾಳಿಗೆ ಮುಖ ಕೊಟ್ಟು ಕೂತಳು. ಅರ್ಧ ದಾರಿಯಲ್ಲಿ ಎದುರಿಗೆ ಲಾರಿಗಳು ಧೂಳೆಬ್ಬಿಸಿಕೊಂಡು ಬಂದವು. ಆಕೆ ಗಾಜು ಏರಿಸಿದಳು. ಅಷ್ಟರಲ್ಲಿ ಕಾರು ಒಂದು ಗುಂಡಿಗೆ ಬಿತ್ತು. ಚಟ್ ಎಂದಿತು. ಗಾಜು ಮೇಲಿನಿಂದ ಕೆಳಗಿನವರೆಗೆ ಸೀಳಿ ಎರಡಾಯಿತು. ಒಂದು ಚೂರು ತಾಯಿಯ ಮುಂಗೈಗೆ ತಾಗಿ ರಕ್ತ ಬಂತು.

"ಏನಾಗಿಲ್ಲ, ನಡಿ. ಗಾಜು ಆಮೇಲೆ ನೋಡಿಕೊಳ್ಳೋಣ" ಎಂದು ಆಕೆ ಸೆರಗಿನಿಂದ ಕೈ ಒತ್ತಿಕೊಂಡಳು.

ಮಗ ಕೇಳಲಿಲ್ಲ. ಮೋಸ ಬಯಲಾಯಿತು, ಯಾವುದೋ ಹಾಳು ಗಾಜು ಕೂರಿಸಿ ಕಳಿಸಿದ್ದಾನೆ ಎಂದ. ಗೀರು ಇತ್ತಲ್ಲ ಎಂಬುದು ನೆನಪಾಗದೆ ಇರಲಿಲ್ಲ. ಅದನ್ನೂ ಕಂಡುಹಿಡಿದು ನಕಲು ಮಾಡಿದ್ದಾನೆ ಎಂದುಕೊಂಡ. ಅನುಮಾನದ ಹೊಟ್ಟೆ ಸಾಕ್ಷಿಯಿಂದ ತುಂಬುವುದಿಲ್ಲ. ಅವನು ಕಾರನ್ನು ಹಿಂದಕ್ಕೆ ತಿರುಗಿಸಿದ.

ಗ್ಯಾರೇಜಿನಲ್ಲಿ ಎರಡು ತುಂಡುಗಳನ್ನೂ ಮೇಜಿನ ಮೇಲಿಟ್ಟು, "ಇದು ನನ್ನ ಗಾಜಲ್ಲ" ಎಂದ.

"ನೀವು ಹೀಗೆ ಅನ್ನುತ್ತೀರಿ ಎಂದೇ ಬಿಚ್ಚಿದ ಹೊತ್ತಿನಲ್ಲಿ ಗುರುತು ಮಾಡಿದ್ದೆ" ಎಂದು ಮೆಕ್ಯಾನಿಕ್ ಕೆಳಗಿನ ಗೀರು ತೋರಿಸಿದ. "ನೋಡಿ. ಇದು ನಿಮ್ಮದೇ ಗಾಜು."

"ನನ್ನ ಗಾಜಿನ ಮೇಲೆ ಗೀರು ಹಾಕು ಎಂದು ನಿನಗೆ ಯಾರು ಹೇಳಿದರು?"

ಮೆಕ್ಯಾನಿಕ್ ತಲೆ ತಗ್ಗಿಸಿ ತುಂಡುಗಳನ್ನು ಜೋಡಿಸಿದ. ಬಿರುಕು ಅವನ ಗೀರಿನಿಂದ ಹೊರಟು ನೇರವಾಗಿ ಮೇಲಿನ ಮೂಲೆಗೆ ಹೋಗಿತ್ತು. ಅಲ್ಲಿ ಇನ್ನೊಂದು ಗೀರು ಇತ್ತು. ಅವನು ಅದರ ಮೇಲೆ ಬೆರಳಿಟ್ಟು, "ಇದು ಯಾರದು, ಯಜಮಾನರೇ?" ಎಂದ.

ವರ್ತಕ ಉಂಗುರದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಹೊರಗೆ ಕಾರಿನಲ್ಲಿ ಕೂತಿದ್ದ ತಾಯಿ, "ಮುಗಿಯಿತೇನೋ ನಿಮ್ಮ ಪಂಚಾಯಿತಿ? ಹೊತ್ತಾಯಿತು" ಎಂದು ಕೂಗಿದಳು. ಆದರೆ ಅಂದು ಮತ್ತೆ ಹೊರಡುವಷ್ಟು ಹೊತ್ತು ಉಳಿದಿರಲಿಲ್ಲ. ಮರುದಿನ ಗಾಜಿಲ್ಲದ ಕಿಟಕಿಯ ಪಕ್ಕ ಕೂತು ಆಕೆ ತಂಗಿಯ ಮನೆ ತಲುಪಿದಳು. ತಂಗಿಗೆ ಹಿಂದಿನ ಸಂಜೆಯೇ ಮಾತು ನಿಂತುಹೋಗಿತ್ತು. ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಮಗ ಬಾಗಿಲ ಬಳಿ ನಿಂತಿದ್ದ. ಅಕ್ಕ ಒಬ್ಬಳೇ ಮಾತಾಡಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಏನೇ ಆಗಲಿ ಗುರುಗಳೇ, ಆ ಮೆಕ್ಯಾನಿಕ್ ಪ್ರಾಮಾಣಿಕ ಎಂಬುದಾದರೂ ವರ್ತಕನಿಗೆ ಖಚಿತವಾಯಿತಲ್ಲ?" ಎಂದ.

"ಅವನು ಪ್ರಾಮಾಣಿಕನೇ ಆಗಿದ್ದ, ಇವನು ಕಾಯಲು ಕೂರುವವರೆಗೆ" ಎಂದರು ಗುರುಗಳು.