ಸಕ್ಕರೆಯಿಲ್ಲದ ನೈವೇದ್ಯ

ಕೃಷ್ಣನ ಕೃಪೆ, ಕೆನಡಾದ ಹಿಮ ಬೀಳುವ ಊರಲ್ಲೂ ನಮಗೊಂದು ಗುಡಿಯುಂಟು. ಅಧ್ಯಕ್ಷರು ಜಯತೀರ್ಥರಾಯರು. ಒಂದು ದಿನ ನಗರಸಭೆಯ ಆರೋಗ್ಯ ಅಭಿಯಾನದ ಸಭೆ ಮುಗಿಸಿ ನೇರವಾಗಿ ಗುಡಿಯ ಅಡುಗೆಮನೆಗೆ ಬಂದರು.

"ಭಟ್ಟರೇ, ನಾಳೆಯಿಂದ ಪ್ರಸಾದಕ್ಕೆ ಕೇಸರಿಬಾತ್ ಇಲ್ಲ. ಬೇಯಿಸಿದ ಬ್ರೊಕೋಲಿ, ಅದಕ್ಕೆ ಉಪ್ಪೂ ಬೇಡ. ಆಗದಿದ್ದರೆ ಬೇರೆ ಅಡುಗೆಯವರನ್ನು ನೋಡುತ್ತೇವೆ."

ಭಟ್ಟರದು ಇಪ್ಪತ್ತು ವರ್ಷದ ಕೆಲಸ. ಸೌಟು ಕೆಳಗಿಟ್ಟು ಕೈಮುಗಿದರು.

"ಆಗಲಿ ರಾಯರೇ. ಆದರೆ ದೇವರಿಗೆ ನೈವೇದ್ಯ ಆದದ್ದೇ ತಾನೆ ನಮಗೆ ಪ್ರಸಾದ? ಇಷ್ಟು ವರ್ಷ ತುಪ್ಪ, ಸಕ್ಕರೆ ಉಂಡವನ ಮುಂದೆ ಸಪ್ಪೆ ತರಕಾರಿ ಇಡುವಾಗ, ಇಡಿಸಿದವರು ಯಾರು ಅಂತ ಅವನಿಗೂ ತಿಳಿಯಬೇಕಲ್ಲ. ಸಂಕಲ್ಪ ನಿಮ್ಮ ಹೆಸರಲ್ಲೇ ಮಾಡಿಸುತ್ತೇನೆ. ಗೋತ್ರ, ನಕ್ಷತ್ರ ಹೇಳಿ, ಬರೆದುಕೊಳ್ಳುತ್ತೇನೆ."

ರಾಯರು ಗರ್ಭಗುಡಿಯ ಕಡೆ ನೋಡಿದರು. ಟೈ ಸಡಿಲಿಸಿದರು.

"ನನ್ನ ಹೆಸರೇಕೆ? ಸಮಿತಿಯ ಹೆಸರಲ್ಲಿ ಮಾಡಿಸಿ."

"ಸಮಿತಿಗೆ ಗೋತ್ರವಿಲ್ಲವಲ್ಲ, ಸ್ವಾಮಿ."

ರಾಯರು ಹೊರಟರು. ಮರುದಿನ ಗೋಡೆಯ ಮೇಲೆ ಅವರ ಹೊಸ ನಿಯಮ ಕಾಣಿಸಿತು: ಆರೋಗ್ಯದ ದೃಷ್ಟಿಯಿಂದ, ಒಂದು ದೊನ್ನೆ ಕೇಸರಿಬಾತಿಗೆ ಮೂರು ಪ್ರದಕ್ಷಿಣೆ ಹಾಕತಕ್ಕದ್ದು.

ಭಗವಂತನ ದಯೆ ದೊಡ್ಡದು. ರಾಯರು ಈಗ ಪ್ರತಿ ಶನಿವಾರ ಹನ್ನೆರಡು ಸುತ್ತು ಬರುತ್ತಾರೆ.