ಮೊಲ ತನ್ನ ಮಾತನ್ನು ಮೂಲೆಗೆ ಕೊಟ್ಟದ್ದು

ಬನ್ನಿ ಕೂಸುಗಳಾ, ಚಾಪೆ ಎಳೆದುಕೊಂಡು ಹತ್ತಿರ ಕೂತುಕೊಳ್ಳಿ. ಕಿವಿ ಇತ್ತ ಕೊಡಿ, ನಡುವೆ ಬಾಯಿ ಹಾಕಬೇಡಿ.

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಆಗ ಪ್ರಾಣಿಗಳಿಗೆಲ್ಲ ಮಾತಿತ್ತು. ಎಲ್ಲಕ್ಕಿಂತ ಇಂಪಾದ ಮಾತು ಮೊಲದ್ದು. ಅವಳು ಪೊದೆಯ ಬುಡದಲ್ಲಿ ಕೂತು ಮಾತಾಡಿದರೆ, ಹರಿಯುವ ಹೊಳೆಯೂ ಒಂದು ಗಳಿಗೆ ನಿಂತು ಕೇಳುತ್ತಿತ್ತು.

ಆ ಮಾತಿಗೆ ಮರುಳಾದವಳು ಬೆಟ್ಟದ ಕೆಳಗೆ ಮನೆ ಕಟ್ಟಿದ್ದ ಚೆನ್ನಾಜಿ. "ನಮ್ಮನೆಗೆ ಬಾರೇ ಮೊಲವ್ವ. ಬಿದಿರಿನ ಗೂಡು ಮಾಡಿಸ್ತೀನಿ, ಗರಿಕೆ ಹಾಕ್ತೀನಿ. ನರಿ ಕಾಟ ಇರಲ್ಲ," ಅಂದಳು.

ಮೊಲ ತುಂಬಿದ ಬಸುರಿ. ನರಿಯ ಹೆಸರು ಕೇಳಿದರೇ ಅವಳ ಎದೆ ಡವಡವ. ಆದರೂ ಮೊದಲೇ ಹೇಳಿದಳು, "ಬರ್ತೀನಿ ಅಕ್ಕ. ನನ್ನ ಮೈ ನಾನೇ ನೆಕ್ಕಿ ಚೊಕ್ಕಟ ಮಾಡ್ಕೋತೀನಿ. ಉಚ್ಚೆ ಹೊಯ್ಯೋದು ಒಂದೇ ಮೂಲೇಲಿ. ಆ ಮೂಲೆಯ ಹುಲ್ಲನ್ನ ಮಾತ್ರ ನೀನು ದಿನಾ ತೆಗೀಬೇಕು, ಒಣಹುಲ್ಲು ಹಾಸ್ಬೇಕು. ಹುಟ್ಟೋ ಮರಿಗಳ ಉಸಿರು ಅದ್ರಲ್ಲಿದೆ. ಮಾತು ಕೊಡು."

"ಕೊಟ್ಟೆ ಕಣೇ," ಅಂತ ಚೆನ್ನಾಜಿ ಅವಳ ತಲೆ ಸವರಿದಳು.

ಮೊದಮೊದಲು ಹುಲ್ಲು ತೆಗೆದಳು, ಒಲೆಯ ಬೂದಿ ಚೆಲ್ಲಿದಳು, ಹೊಸ ಹುಲ್ಲು ಹಾಸಿದಳು. ಮನೆಯಲ್ಲಿ ಮೊಲ ಇದೆಯೆಂದು ಮೂಗಿಗೆ ಗೊತ್ತೇ ಆಗುತ್ತಿರಲಿಲ್ಲ. ಆಮೇಲೆ ನಾಳೆ ಅಂದಳು. ನಾಳೆ ಬಂದಾಗಲೂ ನಾಳೆ ಅಂದಳು. ಮೂಲೆ ನೆನೆಯಿತು, ಘಾಟು ಎದ್ದಿತು. ಅಷ್ಟರಲ್ಲಿ ಮರಿಗಳೂ ಹುಟ್ಟಿದವು.

"ಅಕ್ಕಾ, ಮೂಲೆ," ಅಂದಳು ಮೊಲ.

"ಕಂಡೆ ಕಣೇ," ಅಂತ ಚೆನ್ನಾಜಿ ಸಾಂಬ್ರಾಣಿ ಹಾಕಿದಳು.

"ಅಕ್ಕಾ, ಮೂಲೆ. ಮರಿಗಳಿಗೆ ಉಸಿರು ಕಟ್ತಿದೆ."

"ಆಯ್ತು ಕಣೇ," ಅಂತ ಚೆನ್ನಾಜಿ ಗೂಡಿಗೊಂದು ಮಲ್ಲಿಗೆ ದಂಡೆ ಕಟ್ಟಿದಳು.

ಚೆನ್ನಾಜಿಯ ಗಂಡ ಮುದ್ದಯ್ಯ ಊಟಕ್ಕೆ ಕೂತವನು ಮೂಗು ಮುಚ್ಚಿಕೊಂಡ. "ಥೂ, ಈ ಮೊಲ ಅಂದ್ರೇ ನಾತ!"

"ನಾನಲ್ಲ ಭಾವ, ಮೂಲೆ. ಬೇಕಾದ್ರೆ ನನ್ನ ಮೈ ಮೂಸಿ ನೋಡು."

"ನಾರೋದೂ ಅಲ್ದೆ ವಾದ ಬೇರೆ!"

ಮೊಲ ಚೆನ್ನಾಜಿಯ ಮುಖ ನೋಡಿದಳು. ಚೆನ್ನಾಜಿ ಸಾರು ಬಡಿಸುತ್ತಾ, "ಹೌದು ಕಣ್ರೀ, ಎಷ್ಟು ತೊಳೆದ್ರೂ ಹೋಗಲ್ಲ," ಅಂದುಬಿಟ್ಟಳು.

ಮೇಲೆ ಸಾಂಬ್ರಾಣಿ ಹೊಗೆ, ಕೆಳಗೆ ಘಾಟು. ಬೆಳಗಾಗುವಾಗ ಎಲ್ಲಕ್ಕಿಂತ ಪುಟ್ಟ ಮರಿ ತಣ್ಣಗಾಗಿತ್ತು. ಮೊಲ ಗೋಳೋ ಅಂತ ಅತ್ತಳು.

"ಏನೇ ನಿನ್ನ ಗಲಾಟೆ!" ಅಂತ ಚೆನ್ನಾಜಿ ಮಗ್ಗುಲು ಬದಲಿಸಿದಳು.

ಮುಚ್ಚಿದ ಕಿಟಕಿಯ ಸಂದಿಯಲ್ಲಿ ಗಾಳಿ ಇಣುಕಿತು. "ಯಾಕವ್ವ ಅಳ್ತೀಯ?"

"ಗಾಳಿಯಣ್ಣ, ಈ ಮನೆಯವರಿಗೆ ಮೂಗಿದೆ, ಕಿವಿ ಇಲ್ಲ. ನನ್ನ ಮಾತನ್ನ ತಗೊಂಡು ಆ ಮೂಲೆಗೆ ಕೊಟ್ಬಿಡು. ಇನ್ನು ಅದೇ ಮಾತಾಡ್ಲಿ."

"ಕೊಟ್ಟ ಮೇಲೆ ತಿರುಗಿ ಬರಲ್ಲ ತಾಯಿ."

"ಅವಳೂ ಮಾತು ಕೊಟ್ಟಿದ್ದಳು ಅಣ್ಣ. ಅವಳದು ಸುಳ್ಳಾಯ್ತು. ನನ್ನದು ದಿಟವಾಗ್ಲಿ."

ಗಾಳಿ ನಿಟ್ಟುಸಿರು ಬಿಟ್ಟು, ಮೊಲದ ಬಾಯಿಂದ ಮಾತನ್ನು ತೆಗೆದು ಮೂಲೆಗೆ ಇಟ್ಟಿತು.

ಆಗ ಮೂಲೆ ಮಾತಾಡಿತು ನೋಡಿ! ಅದರ ಘಾಟು ಸೆರಗಿಗೆ ಹತ್ತಿತು, ದಿಂಬಿಗೆ ಹತ್ತಿತು, ಮುದ್ದೆಯ ತಟ್ಟೆಗೂ ಬಂತು. ಬಂದ ನೆಂಟರು ಹೊಸಿಲಿನಿಂದಲೇ ತಿರುಗಿದರು. ಸಾಂಬ್ರಾಣಿ ಸೋತಿತು, ಮಲ್ಲಿಗೆ ಸೋತಿತು. ಕೊನೆಗೆ ಚೆನ್ನಾಜಿ ಸೊಂಟ ಬಗ್ಗಿಸಿ, ನೆಂದ ಹುಲ್ಲೆಲ್ಲ ತೆಗೆದು, ನೆಲ ತಿಕ್ಕಿ ತೊಳೆದು, ಕಿಟಕಿ ತೆರೆದಿಟ್ಟಳು. ಮೂಲೆ ಸುಮ್ಮನಾಯಿತು.

"ಈಗ ಮಾತಾಡೇ ಮೊಲವ್ವ," ಅಂದಳು.

ಮೊಲದ ತುಟಿ ಅದುರಿತು. ಅಷ್ಟೇ.

ಮುದ್ದಯ್ಯ ಹಾಸಿಗೆಯನ್ನು ಜಗುಲಿಗೆ ಹಾಕಿಕೊಂಡ, ಸಾಯುವ ತನಕ ಮೊಲವನ್ನೇ ಬೈದ. ಉಳಿದ ಮರಿಗಳು ಬಲಿತು ಕಾಡು ಸೇರಿದವು. ಚೆನ್ನಾಜಿ ಬೆರಳು ಸೊಟ್ಟಗಾಗುವವರೆಗೂ ದಿನಾ ಹುಲ್ಲು ಬದಲಿಸಿದಳು, ಆದರೆ ಆ ದನಿಯನ್ನು ಮತ್ತೆ ಕೇಳಲಿಲ್ಲ. ಮೊಲ ಅವಳ ಕೈಯಿಂದಲೇ ಗರಿಕೆ ತಿಂದು ಮುದಿಯಾದಳು. ಕ್ಷಮಿಸಿದಳೋ ಇಲ್ಲವೋ, ಹೇಳಲು ಮಾತಿರಲಿಲ್ಲ.

ಅದಕ್ಕೇ ಇವತ್ತಿಗೂ ಸಾಕಿದ ಮೊಲ ತುಟಿಪಿಟಕ್ಕೆನ್ನದೆ ಮೂಗನ್ನು ಮಾತ್ರ ಅಲುಗಿಸುತ್ತಾ ಕೂತಿರುತ್ತದೆ, ಹುಲ್ಲು ಬದಲಿಸದ ಮೂಲೆ ಘಾಟಾಗಿ ಕೂಗಿಕೊಳ್ಳುತ್ತದೆ.