ಹುಂಜ ಕೂಗಿದರೆ ಪಕ್ಕದ ಹಿತ್ತಲ ಹುಂಜ ಯಾಕೆ ಓಗೊಡುತ್ತೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕುತ್ತಿದ್ದವು. ಗಾಳಿಗೂ ಬಾಯಿತ್ತು, ಹಳ್ಳಕ್ಕೂ ಬಾಯಿತ್ತು, ಆ ಬಾಯಿಗಳಿಗೆ ಬೀಗ ಇರಲಿಲ್ಲ. ಜನ ಮನೆ ಕಟ್ಟಿಕೊಂಡಿದ್ದರು. ಮನೆ ಹಿಂದೆ ಹಿತ್ತಲೂ ಇತ್ತು. ಹಿತ್ತಲಲ್ಲಿ ಕೋಳಿ ಮಾತ್ರ ಇರಲಿಲ್ಲ. ಕೋಳಿಗಳೆಲ್ಲ ಬಿದಿರುಮೆಳೆಯಲ್ಲಿದ್ದವು.

ಆಗ ಪುಟ್ಟನಂಜಿ ಅಂತ ಒಬ್ಬಳಿದ್ದಳು. ಕೈಯೂ ಚುರುಕು, ಬುದ್ಧಿಯೂ ಚುರುಕು. ಹಾಗಂತ ಅವಳೇ ಹೇಳಿಕೊಂಡು ತಿರುಗುತ್ತಿದ್ದಳು, ಬೇರೆ ಯಾರೂ ಹೇಳಿದ್ದಿಲ್ಲ.

ಒಂದು ಬೆಳಗ್ಗೆ ಅವಳ ಬೇಲಿ ನುಸುಳಿಕೊಂಡು ಕೆಂದಿ ಅನ್ನೋ ಹೇಂಟೆ ಬಂತು. ಪುಕ್ಕವೆಲ್ಲ ಕೆದರಿಹೋಗಿತ್ತು.

"ಮೆಳೆಯಲ್ಲಿ ಮುಂಗುಸಿ ಕಾಟ ಕಣಕ್ಕ. ಇಟ್ಟ ಮೊಟ್ಟೆ ಒಂದೂ ಉಳಿಯಲ್ಲ. ನಿನ್ನ ಹಿತ್ತಲಲ್ಲಿ ಒಂದು ಮೂಲೆ ಕೊಡು."

"ಕೊಟ್ಟರೆ ನನಗೇನು ಬಂತು?"

"ನೀನೂ ಮೊಟ್ಟೆ ತಿನ್ನು, ಬೇಡ ಅನ್ನಲ್ಲ. ನಾನು ಕಾವಿಗೆ ಕೂತಾಗ ಮಾತ್ರ ಕೈ ಹಾಕಬೇಡ. ನನ್ನ ಮಕ್ಕಳು ಬದುಕಬೇಕು, ಅಷ್ಟೇ."

ಪುಟ್ಟನಂಜಿ ಒಪ್ಪಿದಳು. ಹಳೇ ಮಂಕರಿಗೆ ಹುಲ್ಲು ಹಾಸಿ ಮೂಲೆಯಲ್ಲಿಟ್ಟಳು. ತೌಡು ಕಲಸಿ ಹಾಕಿದಳು, ತೆಂಗಿನ ಚಿಪ್ಪಲ್ಲಿ ನೀರಿಟ್ಟಳು. ಕೆಂದಿ ಮೊಟ್ಟೆ ಇಟ್ಟಿತು, ಕಾವಿಗೆ ಕೂತಿತು, ಮರಿಗಳು ಹೊರಬಂದವು.

ಮರಿಗಳ ಅಪ್ಪ ಯಾರು ಅಂತ ಬೀದಿ ತುಂಬಾ ಗುಸುಗುಸು ಎದ್ದಿತು. ಕೆಂದಿ ಬಿದಿರುಮೆಳೆಯ ಕಡೆ ಒಮ್ಮೆ ಕತ್ತು ಕೊಂಕಿಸಿತು. ಅರ್ಥವಾಗುವವರಿಗೆ ಅರ್ಥವಾಯಿತು.

ಮರಿಗಳು ದೊಡ್ಡವಾದವು. ಕೆಂದಿ ಅವನ್ನು ಕುಕ್ಕಿ ದೂರ ಓಡಿಸಿ, ಮತ್ತೆ ಮೊಟ್ಟೆಯಿಟ್ಟು, ಮತ್ತೆ ಕಾವಿಗೆ ಕೂತಿತು. ಕಾವಿಗೆ ಕೂತ ಕೋಳಿ ಯಾರ ಜೊತೆಗೂ ಮಾತಾಡಲ್ಲ, ನೋಡಿದ್ದೀಯಲ್ಲ ಕೂಸೇ.

ಪುಟ್ಟನಂಜಿಗೆ ಫಜೀತಿ ಶುರುವಾದದ್ದೇ ಆಗ. ಅಷ್ಟೊಂದು ಹೊಟ್ಟೆಗೆ ತೌಡು ಎಲ್ಲಿಂದ ತರೋದು? ಹೆಣ್ಣನ್ನು ಇಟ್ಟುಕೊಂಡು ಗಂಡನ್ನು ಸಾಗಹಾಕಬೇಕು. ಸರಿ, ಗಂಡು ಯಾವುದು, ಹೆಣ್ಣು ಯಾವುದು?

ಗಾಳಿಯನ್ನು ಕೇಳಿದಳು.

"ಎಲ್ಲರ ಪುಕ್ಕ ಎತ್ತಿ ನೋಡಿದ್ದೀನಿ. ನನಗಂತೂ ಏನೂ ಗೊತ್ತಾಗಲಿಲ್ಲ," ಅಂತು ಗಾಳಿ, ಮಾನ ಮರ್ಯಾದೆ ಇಲ್ಲದ್ದು.

ಹಳ್ಳವನ್ನು ಕೇಳಿದಳು.

"ನನ್ನೊಳಗೆ ಇಷ್ಟು ಮೀನಿದೆ. ಯಾರು ಗಂಡು ಯಾರು ಹೆಣ್ಣು ಅಂತ ಇದುವರೆಗೆ ನಾನೇ ಕೇಳಿಲ್ಲ. ನಿನಗ್ಯಾಕಮ್ಮ?" ಅಂತು ಹಳ್ಳ.

ಪುಟ್ಟನಂಜಿ ಹಿತ್ತಲ ಕಲ್ಲಿನ ಮೇಲೆ ಕೂತು ಯೋಚಿಸಿದಳು. ಮರಿಗಳಲ್ಲಿ ಕೆಲವಕ್ಕೆ ತಲೆ ಮೇಲೆ ಕೆಂಪಗೆ ಜುಟ್ಟು ಬಂದಿತ್ತು. ಮೈ ಮಿರಿಮಿರಿ ಮಿಂಚುತ್ತಿತ್ತು. ಬಾಲವಂತೂ ರೇಷ್ಮೆ ಸೀರೆಯ ಸೆರಗು ಇಳಿಬಿಟ್ಟ ಹಾಗೆ. ಉಳಿದವಕ್ಕೆ ಜುಟ್ಟೂ ಇಲ್ಲ, ಗಿಟ್ಟೂ ಇಲ್ಲ, ಬರೀ ಮಣ್ಣಿನ ಬಣ್ಣ.

ಪುಟ್ಟನಂಜಿ ತನ್ನ ತುರುಬಿನ ಕನಕಾಂಬರ ಮುಟ್ಟಿ ನೋಡಿಕೊಂಡಳು. ಆ ಊರಲ್ಲಿ ತಲೆಗೆ ಹೂ ಇಲ್ಲದೆ ಹೆಂಗಸರು ಹೊಸಲು ದಾಟುತ್ತಿರಲಿಲ್ಲ.

"ಥೂ, ಇಷ್ಟೇನಾ," ಅಂದಳು. "ತಲೆಗೆ ಮುಡಿದವೆಲ್ಲ ಹೆಣ್ಣು. ಆ ಬೋಳುತಲೆಯ ಮಾಸಲು ಮೂತಿಗಳು ಗಂಡು. ಥೇಟ್ ನಮ್ಮನೆಯವರ ಹಾಗೆ."

ಮಾಸಲು ಬಣ್ಣದವನ್ನೆಲ್ಲ ಹಿಡಿದು ಬೀದಿಯ ಮನೆಮನೆಗೂ ಒಂದೊಂದು ಹಂಚಿದಳು. ಪಕ್ಕದ ಮನೆಯ ಓರಗಿತ್ತಿ ಮಂಚವ್ವನಿಗೂ ಒಂದು ಕೊಟ್ಟಳು.

"ಹೆಚ್ಚಾಗಿರೋ ಗಂಡು ಕಣಕ್ಕ. ಇಟ್ಟುಕೊ."

"ಬೇಡದ್ದನ್ನ ನನಗೆ ಕೊಡೋದು ನಿನಗೆ ಅಭ್ಯಾಸ ಬಿಡು," ಅಂದಳು ಮಂಚವ್ವ. ಅಂದವಳು ಬೇಗ ಬೇಗ ಕೋಳಿಯನ್ನು ಸೆರಗೊಳಗೆ ಸೇರಿಸಿದಳು.

ಪುಟ್ಟನಂಜಿ ಜುಟ್ಟಿನವಕ್ಕೆ ತೌಡಿನ ಜೊತೆ ನುಚ್ಚನ್ನೂ ಬೆರೆಸಿ ಹಾಕಿದಳು. ಮೊಟ್ಟೆಗೆ ಕಾದಳು. ಮೊಟ್ಟೆ ಬರಲಿಲ್ಲ, ಜಗಳ ಬಂತು. ಒಂದರ ಜುಟ್ಟನ್ನು ಒಂದು ಕಚ್ಚುವುದು, ತಿಪ್ಪೆ ಹತ್ತಿ ಕೂಗುವುದು, ಇಳಿದು ಮತ್ತೆ ಒದೆಯುವುದು.

"ಮೊದಲ ಮೊಟ್ಟೆ ಅಲ್ಲವಾ, ನೋವಿಗೆ ಕೂಗ್ತಿರಬೇಕು ಪಾಪ," ಅಂದುಕೊಂಡಳು ಪುಟ್ಟನಂಜಿ. ಒಂದೊಂದನ್ನೇ ಹಿಡಿದು ಹಿಂಭಾಗ ಸವರಿ, ಹರಳೆಣ್ಣೆ ಹಚ್ಚಿದಳು. ಅವು ಇನ್ನೂ ಜೋರಾಗಿ ಕೂಗಿದವು.

ಒಂದು ದಿನ ಆ ಜಗಳ ಮಂಕರಿ ಹತ್ತಿತು. ಕೆಂದಿಯ ಕಾವಿನ ಮೊಟ್ಟೆಗಳಲ್ಲಿ ಒಂದು ಒಡೆಯಿತು.

ಕೆಂದಿ ಎದ್ದು ನಿಂತಿತು.

"ಅಕ್ಕ, ನಿನ್ನ ಹಿತ್ತಲಿಗಿಂತ ಮುಂಗುಸಿಯೇ ವಾಸಿ. ಅವನು ಒಬ್ಬನೇ ಬರ್ತಿದ್ದ. ಇವರನ್ನ ಇಲ್ಲಿಂದ ಸಾಗಿಸು. ಕತ್ತಲಾಗೋದರೊಳಗೆ ಸಾಗಿಸದಿದ್ದರೆ ನಾನು ಮೆಳೆಗೆ ಹೊರಟೆ. ಆಮೇಲೆ ಕೋಳಿ ಜಾತಿಯಲ್ಲಿ ಒಬ್ಬರೂ ನಿಮ್ಮ ಹಿತ್ತಲು ತುಳಿಯಲ್ಲ."

"ಹೆತ್ತ ಹೆಣ್ಣುಮಕ್ಕಳನ್ನೇ ಸಾಗಿಸು ಅಂತೀಯಲ್ಲೇ?"

ಕೆಂದಿ ಒಂದು ಕಣ್ಣಲ್ಲಿ ಅವಳನ್ನು ನೋಡಿತು. ಕತ್ತು ತಿರುಗಿಸಿ ಇನ್ನೊಂದು ಕಣ್ಣಲ್ಲೂ ನೋಡಿತು.

"ಯಾವ ಹೆಣ್ಣುಮಕ್ಕಳು?"

ಪುಟ್ಟನಂಜಿ ಜುಟ್ಟು ನೋಡಿದಳು, ಬಾಲ ನೋಡಿದಳು, ತನ್ನ ತುರುಬು ಮುಟ್ಟಿಕೊಂಡಳು. ಹಾಗಾದರೆ ಹೂ ಮುಡಿಯೋದು ಗಂಡಸರಾ? ಸೆರಗು ಬಿಡೋದು ಗಂಡಸರಾ? ಅಷ್ಟು ದಿನ ಹರಳೆಣ್ಣೆ ಹಚ್ಚಿದ್ದು ಯಾರಿಗೆ?

ಅಷ್ಟರಲ್ಲಿ ಗಾಳಿ ಏನನ್ನೋ ಹೊತ್ತು ತಂದು ಅವಳ ಕಾಲ ಬಳಿ ಚೆಲ್ಲಿತು. ಮೊಟ್ಟೆ ಸಿಪ್ಪೆ.

"ಮಂಚವ್ವನ ಬೂದಿಗುಂಡಿಯದು," ಅಂತು ಗಾಳಿ. "ಬೂದಿಯೊಳಗೆ ಹೂತಿಟ್ಟಿದ್ದಳು. ನಾನು ಸುಮ್ಮನೆ ಊದಿ ನೋಡಿದೆ."

ಪುಟ್ಟನಂಜಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಟಳು. ಕೆಂದಿಯೂ ಹಿಂದೆಯೇ ನಡೆಯಿತು.

"ಏನಕ್ಕ, ನಾನು ಕೊಟ್ಟ ಗಂಡು ಹೇಗಿದೆ?"

"ಇದೆ, ಪಾಪ," ಅಂದಳು ಮಂಚವ್ವ, ಕಣ್ಣು ಬೇರೆ ಕಡೆ ಹಾಕಿ.

"ಮೊಟ್ಟೆ ಇಡುತ್ತಂತಲ್ಲ ಗಂಡು?"

"ಇಟ್ಟರೆ ಏನು ಮಾಡಲಿ? ಬೇಡ ಅನ್ನೋಕಾಗುತ್ತಾ? ಬೀದಿಯವರೆಲ್ಲ ಬಾಗಿಲು ಹಾಕಿಕೊಂಡು ಬೇಯಿಸಿ ತಿಂದರು. ನಾನೊಬ್ಬಳೇನಾ?"

ಅಷ್ಟು ಹೇಳಿದ ಮಂಚವ್ವನ ಮುಖ ಸಪ್ಪಗಾಯಿತು. ಕಾವಿಗೆ ಕೂರಿಸಿದ ಮೊಟ್ಟೆ ಒಂದೂ ಮರಿಯಾಗಿರಲಿಲ್ಲ, ಎಲ್ಲ ಕೊಳೆತು ನಾರುತ್ತಿದ್ದವು. ಬೀದಿಯ ಮನೆಮನೆಯಲ್ಲೂ ಇದೇ ಕತೆ.

"ಹುಂಜ ಇಲ್ಲದ ಮನೇಲಿ ಮೊಟ್ಟೆ ತಿನ್ನಬಹುದು, ಮರಿ ಎಲ್ಲಿಂದ ಬರಬೇಕು?" ಅಂತು ಕೆಂದಿ.

ಹಿತ್ತಲಲ್ಲಿ ಬರೀ ಹುಂಜ, ಬೀದಿಯಲ್ಲಿ ಬರೀ ಹೇಂಟೆ. ಈಗ ಪುಟ್ಟನಂಜಿಗೂ ದಾರಿ ಕಂಡಿತು. ಮನೆಗೊಂದು ಹುಂಜ ಕೊಡುತ್ತೇನೆ, ಮೊದಲ ಮರಿಗಳಲ್ಲಿ ಒಂದು ಹೇಂಟೆ ನನಗೆ ವಾಪಸು ಕೊಡಿ ಅಂದಳು.

"ಕೊಡು ಕೊಡು," ಅಂದಳು ಮಂಚವ್ವ. "ಒಂದಲ್ಲ, ಎರಡು ಕೊಡು. ಹೆಚ್ಚಾದದ್ದಕ್ಕೆ ಮಸಾಲೆ ಅರೆದರಾಯಿತು."

ಕೆಂದಿ ಬಿದಿರುಮೆಳೆಯ ಕಡೆ ತಿರುಗಿತು.

"ಹೋಗಬೇಡ ಕಣೇ," ಅಂದಳು ಪುಟ್ಟನಂಜಿ. ಮೊಟ್ಟೆಯ ಆಸೆಗೆ ಅಂದಳೋ, ಕೆಂದಿಯ ಮೇಲಿನ ಆಸೆಗೆ ಅಂದಳೋ, ಅವಳಿಗೇ ಗೊತ್ತಾಗಲಿಲ್ಲ.

"ಕಣ್ಣೆದುರಿಗಿದ್ದರೆ ಮಕ್ಕಳು ಕಿತ್ತಾಡ್ತಾರೆ. ಕಣ್ಮರೆಯಾದರೆ ಬದುಕಿದ್ದಾರೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕಕ್ಕ?"

ಪುಟ್ಟನಂಜಿ ಬೇಲಿಯಾಚೆ ತನ್ನ ಹಿತ್ತಲಲ್ಲಿದ್ದ ಹುಂಜಗಳ ಕಡೆ ತಿರುಗಿದಳು.

"ಕೂಗಿ ಕೂಗಿ ನನ್ನ ಕಿವಿ ತೂತು ಮಾಡಿದಿರಲ್ಲ, ಆ ಕೂಗು ಈಗ ಕೆಲಸಕ್ಕೆ ಬರಲಿ. ಬೆಳಗ್ಗೆ ಎದ್ದವನೇ ಮೊದಲು ಅವ್ವನಿಗೆ ಕೇಳೋ ಹಾಗೆ ಕೂಗಬೇಕು. ಒಬ್ಬ ಕೂಗಿದರೆ ಪಕ್ಕದವನು ಓಗೊಡಬೇಕು, ಅವನಿಗೆ ಅದರಾಚೆಯವನು. ಬೀದಿಯ ಕೊನೆವರೆಗೂ."

ಆ ಸಂಜೆಯೇ ಮನೆಗೊಂದು ಹುಂಜ ಹೋಯಿತು. ಪುಟ್ಟನಂಜಿಯ ಹಿತ್ತಲಲ್ಲಿ ಒಂದೇ ಉಳಿಯಿತು. ಕೆಂದಿ ಮಂಕರಿಗೆ ಮರಳಿತು, ರೆಪ್ಪೆ ಮಾತ್ರ ಮುಚ್ಚಲಿಲ್ಲ.

ಮೂಡಣ ಬೆಳ್ಳಗಾಗುತ್ತಿದ್ದಂತೆ ಹಿತ್ತಲಿನವನು ಕೂಗಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಪುಟ್ಟನಂಜಿ ಬೇಲಿಯ ಕಡೆ ಕಿವಿಗೊಟ್ಟಳು. ಆಮೇಲೆ ಮಂಚವ್ವನ ಹಿತ್ತಲಿಂದ ಬಂತು ಕೂಗು. ಅದರಾಚೆಯಿಂದ ಇನ್ನೊಂದು. ಇನ್ನೂ ಆಚೆಯಿಂದ, ನೂಲಿನಷ್ಟು ತೆಳ್ಳಗೆ, ಮತ್ತೊಂದು. ಕೆಂದಿ ಮೊಟ್ಟೆಗಳ ಮೇಲೆ ಮೈ ಹರವಿ ಕಣ್ಣು ಮುಚ್ಚಿತು. ಮುಂಗುಸಿ ಮೆಳೆಯಲ್ಲೇ ಉಳಿಯಿತು.

ಅದಕ್ಕೇ ಕೂಸೇ, ಇವತ್ತಿಗೂ ನಮ್ಮ ಹಿತ್ತಲ ಹುಂಜ ಕೂಗಿದರೆ ಪಕ್ಕದ ಮನೆಯದು ಓಗೊಡುತ್ತೆ, ಅದಕ್ಕೆ ಅದರಾಚೆಯದು. ಯಾವ ಮನೆಯಿಂದಾದರೂ ಬೆಳಗ್ಗೆ ಕೂಗು ಬರದೇ ಇದ್ದರೆ, ಮಧ್ಯಾಹ್ನ ಆ ಮನೆಯ ಕಡೆಯಿಂದ ಎಂಥ ಘಮಲು ಬರುತ್ತೆ ಅಂತ ಮೂಗರಳಿಸಿ ನೋಡು.